ಸಂಜೀವಣ್ಣನ ಸುಳ್ಳು ಲೈಟು

ಮೊನ್ನೆ ಬೆಳಗ್ಗೆ ಬದಿಯಡ್ಕದಿಂದ ಪೆರ್ಲದ ಕಡೆಗೆ ಕಾರಿನಲ್ಲಿ ಬರುತ್ತಿದ್ದೆ. ಎದುರಿನಿಂದ ಬಂದ ಪಿಕಪ್ಪೊಂದು ಹಾಡಹಗಲಿನಲ್ಲಿ ಎರಡು ಸಲ ಲೈಟು ಹೊಡೆದು ಹೋಯಿತು. ನನ್ನ ಕಾಲು ನನ್ನನ್ನು ಕೇಳದೆಯೇ ಆಕ್ಸಿಲರೇಟರಿನಿಂದ ಮೇಲೆದ್ದಿತು. ನಾನು ಹೋಗುತ್ತಿದ್ದುದೇ ಸೈಕಲ್ಲಿನವನಿಗೂ ಬೇಸರ ಬರುವ ವೇಗದಲ್ಲಿ. ಆದರೂ ಕಾಲು ಎದ್ದಿತು.

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೀವು ದೂರದವರಾದರೆ ಹೇಳಿಬಿಡುತ್ತೇನೆ. ಹಗಲಲ್ಲಿ ಎದುರಿನವ ಎರಡು ಸಲ ಲೈಟು ಹೊಡೆದರೆ, ಮುಂದೆ ಮರದಡಿಯಲ್ಲಿ ಪೊಲೀಸರು ವೇಗ ಅಳೆಯುವ ಯಂತ್ರ ಹಿಡಿದು ನಿಂತಿದ್ದಾರೆ ಎಂದು ಅರ್ಥ. ಬೈಕಿನವನಾದರೆ ಅಂಗೈಯಿಂದ ತಲೆ ತಟ್ಟಿಕೊಳ್ಳುತ್ತಾನೆ, ಅಂದರೆ ಪೊಲೀಸರ ಟೋಪಿ. ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ ಎಂದು ಮನೆಗೊಂದು ಭಾಷೆ ಇರುವ ನಮ್ಮ ಕಾಸರಗೋಡಿನಲ್ಲಿ ಜಗಳವಿಲ್ಲದೆ ಎಲ್ಲರೂ ಒಪ್ಪಿಕೊಂಡ ಭಾಷೆ ಇದೊಂದೇ.

ಈ ಭಾಷೆಯನ್ನು ನಾನು ಮೊನ್ನೆಯವರೆಗೆ ಒಂದು ದಿನವೂ ಆಡಿದವನಲ್ಲ. ವಿದ್ಯಾನಗರದ ಸಿವಿಲ್ ಸ್ಟೇಷನ್ನಿನಲ್ಲಿ, ಅಂದರೆ ಜಿಲ್ಲಾ ಕಚೇರಿಗಳ ಕಟ್ಟಡದಲ್ಲಿ, ಗುಮಾಸ್ತನಾಗಿ ಸೇರಿ ಗುಮಾಸ್ತನಾಗಿಯೇ ಹೊರಬಂದವನು ನಾನು. ಸರಕಾರದ ಒಂದು ಇಲಾಖೆ ಮರದಡಿಯಲ್ಲಿ ಅಡಗಿ ನಿಂತಿರುವುದನ್ನು ಇನ್ನೊಂದು ಇಲಾಖೆಯವನು ಊರಿಗೆಲ್ಲ ಸಾರುವುದು ಸರಿಯಲ್ಲ ಎಂದು ನನ್ನ ಅಭಿಪ್ರಾಯವಾಗಿತ್ತು. ಈ ಅಭಿಪ್ರಾಯವನ್ನು ನಾನು ಬಹಳ ವರ್ಷ ಸಂಜೀವಣ್ಣನ ಕಾರಿನ ಮುಂದಿನ ಸೀಟಿನಲ್ಲಿ ಕುಳಿತು ಹೇಳುತ್ತ ಬಂದೆ. ಅವನು ಅಷ್ಟೂ ವರ್ಷ ನನ್ನ ಮಾತು ಕೇಳುತ್ತಲೇ ಲೈಟು ಹೊಡೆಯುತ್ತ ಬಂದ.

ಸಂಜೀವಣ್ಣ ಗಲ್ಫಿನಲ್ಲಿ ನೀರಿನ ಟ್ಯಾಂಕರ್ ಓಡಿಸಿ ಬಂದವನು. ಊರಿಗೆ ಮರಳಿದ ಮೇಲೆ ಒಂದು ಬಿಳಿ ಕಾರು ಕೊಂಡು, ನನ್ನ ಹಾಗೆ ಬಸ್ಸಿನಲ್ಲಿ ನೇತಾಡಲಾರದ ಕೆಲವರನ್ನು ಬೆಳಗ್ಗೆ ವಿದ್ಯಾನಗರಕ್ಕೆ ಬಿಟ್ಟು ಸಂಜೆ ತರುತ್ತಿದ್ದ. ನಾನು ಪೆರ್ಲದಲ್ಲಿ ಹತ್ತುತ್ತಿದ್ದೆ. ಅವನ ಮನೆ ಉಕ್ಕಿನಡ್ಕ ಕಳೆದ ಮೇಲೆ ಸಿಗುವ ಒಂದು ತಿರುವಿನಲ್ಲಿ. ಮನೆ ರಸ್ತೆಯ ಈಚೆ, ಹಾಲಿನ ಸೊಸೈಟಿ ಆಚೆ. ಅವನ ತಾಯಿ ಕಮಲಕ್ಕ ದಿನಾ ಬೆಳಗ್ಗೆ ಹಾಲಿನ ಕ್ಯಾನು ಹಿಡಿದು ರಸ್ತೆ ದಾಟುತ್ತಿದ್ದರು. ಕಾರಿನಲ್ಲಿ ನಾವು ಆ ತಿರುವಿಗೆ ಬರುವಾಗ ಅವರು ಒಂದೋ ಈಚೆ ನಿಂತಿರುತ್ತಿದ್ದರು, ಇಲ್ಲವೇ ಆಚೆ. ಮಗ ಹಾರನ್ ಹೊಡೆದರೆ ಬೈಯುತ್ತಿದ್ದರು, ಹೊಡೆಯದಿದ್ದರೂ ಬೈಯುತ್ತಿದ್ದರು.

“ನಿನಗೆ ಈ ಲೈಟಿನ ಹುಚ್ಚು ಎಲ್ಲಿಂದ ಹಿಡಿದದ್ದು ಮಾರಾಯ?” ಎಂದು ಒಮ್ಮೆ ಕೇಳಿದ್ದೆ.

“ಗಲ್ಫಿನಲ್ಲಿ ಎಂತ ಗೊತ್ತುಂಟಾ ಭಟ್ರೇ,” ಎಂದ, “ಕ್ಯಾಮರಾದ್ದು ಬೆಳಕು ಬಿದ್ರೆ ಫೈನು ಬಿತ್ತು ಅಂತ ಲೆಕ್ಕ. ಬಿದ್ದ ಮೇಲೆ ಗೊತ್ತಾಗುವುದು. ಮೊದಲೇ ಹೇಳುವವ ಒಬ್ಬನೂ ಇಲ್ಲ. ಊರಿಗೆ ಬಂದ ದಿವಸ ಮಂಗಳೂರು ಏರ್‌ಪೋರ್ಟಿಂದ ಟ್ಯಾಕ್ಸಿಯಲ್ಲಿ ಬರ್ತಾ ಇದ್ದೆ. ಎದುರಿಂದ ಒಂದು ಲಾರಿಯವ ಲೈಟು ಹೊಡೆದ. ಅವ ಯಾರೋ, ನಾನು ಯಾರೋ! ಅವನಿಗೆ ಎಂತ ಬಿದ್ದು ಹೋಗಿತ್ತು ಹೇಳಿ? ನನಗೆ ಕಣ್ಣಲ್ಲಿ ನೀರು ಬಂತು. ಊರು ಮುಟ್ಟಿದೆ ಅಂತ ಆಗ ಗೊತ್ತಾಯ್ತು.”

ಕಣ್ಣೀರಿನ ವಿಚಾರಕ್ಕೆ ನಿಯಮಾವಳಿಯಲ್ಲಿ ಉತ್ತರವಿರಲಿಲ್ಲ. ಹಾಗಾಗಿ ನಾನು ಬೇರೆ ಕಡೆಯಿಂದ ಹಿಡಿದೆ. “ನೀನು ಎಚ್ಚರಿಸಿದವರಲ್ಲಿ ಕುಡಿದು ಓಡಿಸುವವ ಇದ್ದರೆ?”

“ಕುಡಿದವನಿಗೆ ನನ್ನ ಎರಡು ಲೈಟು ನಾಲ್ಕಾಗಿ ಕಾಣ್ತದೆ. ಇನ್ನೂ ಮೆಲ್ಲ ಹೋಗ್ತಾನೆ.”

“ಜೋರಾಗಿ ಓಡಿಸಿದವ ಸಿಕ್ಕಿಬೀಳಬೇಕಲ್ಲವಾ?”

“ಪೊಲೀಸರಿಗೆ ಬೇಕಾದ್ದು ಎಂತ? ಜನ ಮೆಲ್ಲ ಹೋಗ್ಬೇಕು. ನಾನು ಲೈಟು ಹೊಡೆದೆ, ಅವ ಮೆಲ್ಲ ಹೋದ. ಅವರ ಕೆಲಸ ನಾನು ಸಂಬಳ ಇಲ್ಲದೆ ಮಾಡಿದೆ. ಅವರು ನನಗೆ ಚಾ ಕುಡಿಸ್ಬೇಕು.”

“ಅದು ಹಾಗಲ್ಲ,” ಎಂದೆ. ಉತ್ತರ ಹೊಳೆಯದಾಗ ಕಚೇರಿಯಲ್ಲಿಯೂ ನಾನು ಹೇಳುತ್ತಿದ್ದುದು ಇದನ್ನೇ.

ಆಟೋದವರು, ಜೀಪಿನವರು, ಕೆಂಪುಕಲ್ಲಿನ ಲಾರಿಯವರು ಎಲ್ಲರಿಗೂ ಸಂಜೀವಣ್ಣನ ಲೈಟು ಎಂದರೆ ತಹಶೀಲ್ದಾರರ ಮೊಹರಿನ ಹಾಗೆ. ಬಿಳಿ ಕಾರು ಹೊಡೆದಿದೆ ಎಂದ ಮೇಲೆ ಮುಂದೆ ಪೊಲೀಸರು ಇದ್ದೇ ಇದ್ದಾರೆ. ಅವನಿಗೆ ಇದರ ಜಂಬವೂ ಸ್ವಲ್ಪ ಇತ್ತು. ಪೆರ್ಲ ಪೇಟೆಯಲ್ಲಿ ಅವನಿಗೆ ಚಾ ಬಂದರೆ ಅದರ ಜೊತೆ ಗೋಳಿಬಜೆ ಹೇಳದೆಯೇ ಬರುತ್ತಿತ್ತು.

ರಸ್ತೆ ಅಗಲ ಮಾಡಿ ಹೊಸದಾಗಿ ಡಾಮರು ಹಾಕಿದ ವರ್ಷದ ಮಾತು. ಮೊದಲು ಹೊಂಡ ತಪ್ಪಿಸುತ್ತ ತೆವಳುತ್ತಿದ್ದ ವಾಹನಗಳು ಬಾಣದ ಹಾಗೆ ಹೋಗತೊಡಗಿದವು. ಸಂಜೀವಣ್ಣನ ಮನೆಯ ತಿರುವಿಗೊಂದು ಹಂಪ್ ಬೇಕೆಂದು ಊರವರು ಅರ್ಜಿ ಕೊಟ್ಟರು. ಈ ರಸ್ತೆಗೆ ಹಂಪ್ ಹಾಕಲು ಬರುವುದಿಲ್ಲ ಎಂದು ಉತ್ತರ ಬಂತು. ಬದಲಿಗೆ ‘ನಿಧಾನ’ ಎಂದು ಎರಡು ಭಾಷೆಯಲ್ಲಿ ಬರೆದ ಬೋರ್ಡು ಬಂತು. ಬೋರ್ಡಿನ ಮೇಲೆ ಯಾರದ್ದೋ ಗೃಹಪ್ರವೇಶದ ಫ್ಲೆಕ್ಸ್ ಬಂತು.

ಒಂದು ಬೆಳಗ್ಗೆ ನಾವು ಆ ತಿರುವು ದಾಟಿ ಬದಿಯಡ್ಕದ ಕಡೆಗೆ ಹೋಗುವಾಗ ಹಲಸಿನ ಮರದಡಿಯಲ್ಲಿ ಪೊಲೀಸರ ವ್ಯಾನು ನಿಂತಿತ್ತು. ಸಂಜೀವಣ್ಣನಿಗೆ ಹಬ್ಬ. ಅಲ್ಲಿಂದ ಮುಂದೆ ಎದುರಿಗೆ ಬಂದವರಿಗೆಲ್ಲ ಲೈಟು ಹೊಡೆದ. ಬಸ್ಸಿಗೆ ಹೊಡೆದ, ಬೈಕಿಗೆ ಹೊಡೆದ, ಟ್ರ್ಯಾಕ್ಟರಿಗೂ ಹೊಡೆದ. ಟ್ರ್ಯಾಕ್ಟರಿನವ ಹೆಮ್ಮೆಯಿಂದ ನಕ್ಕ. ಚೆರ್ಕಳ ಮುಟ್ಟುವಾಗ ಫೋನು ಬಂತು. ಕಮಲಕ್ಕನಿಗೆ ಬೈಕು ಬಡಿದಿದೆ, ಕಾಸರಗೋಡಿಗೆ ತರುತ್ತಿದ್ದಾರೆ.

ಸೊಂಟದ ಮೂಳೆ ಮುರಿದಿತ್ತು. ಜೀವಕ್ಕೆ ಏನಿಲ್ಲ ಎಂದರು ಡಾಕ್ಟರು. ನಾವು ಒಳಗೆ ಹೋದಾಗ ಕಮಲಕ್ಕ ಮಗನ ಮುಖ ನೋಡಿ ತುಳುವಿನಲ್ಲಿ, “ಪೇರ್ ಮಾತ ಪೋಂಡತ್ತಾ,” ಎಂದರು. ಹಾಲೆಲ್ಲ ಹೋಯಿತಲ್ಲ ಎಂದು. ಸಂಜೀವಣ್ಣ ಅವರ ಕೈ ಹಿಡಿದು ಚಿಕ್ಕ ಮಗುವಿನ ಹಾಗೆ ಅತ್ತ.

ಬೈಕಿನವ ಹೊರಗೆ ಬೆಂಚಿನಲ್ಲಿ ಕುಳಿತಿದ್ದ. ಔಷಧಿ ಕಂಪೆನಿಯ ಚೀಲ ಹೊತ್ತು ತಿರುಗುವ ಯುವಕ. ಓಡಿಹೋಗದೆ ತಾನೇ ಜೀಪು ಮಾಡಿ ಕರೆತಂದಿದ್ದ. ಅವನೂ ಅಳುತ್ತಿದ್ದ. “ತಪ್ಪಾಯ್ತು ಅಣ್ಣಾ,” ಎಂದ. “ಪೊಲೀಸಿನವರ ಹತ್ರ ಮೆಲ್ಲವೇ ಬಂದದ್ದು. ದಾಟಿ ಆಯ್ತಲ್ಲ, ಇನ್ನು ಪೆರ್ಲದವರೆಗೆ ಯಾರೂ ಇಲ್ಲ ಅಂತ ಸ್ವಲ್ಪ ಬಿಟ್ಟೆ. ಯಾರೋ ಒಬ್ಬ ಪುಣ್ಯಾತ್ಮ ಬಿಳಿ ಕಾರಿನವ ಲೈಟು ಹೊಡೆದದ್ದರಿಂದ ಫೈನೊಂದು ತಪ್ಪಿತ್ತು. ನೋಡಿ ನನ್ನ ಗ್ರಹಚಾರ!”

ಸಂಜೀವಣ್ಣ ಅವನ ಹೆಗಲು ಒಮ್ಮೆ ಮುಟ್ಟಿ, ಹೊರಗೆ ಹೋಗಿ ತನ್ನ ಬಿಳಿ ಕಾರಿನ ಪಕ್ಕದಲ್ಲಿ ನಿಂತ. ವರ್ಷಗಟ್ಟಲೆ ನಡೆದ ನಮ್ಮ ವಾದದಲ್ಲಿ ನಾನು ಗೆದ್ದ ಹಾಗಾಗಿತ್ತು. ಅಂಥ ಗೆಲುವು ಯಾರಿಗೂ ಬೇಡ ಮಾರಾಯ್ರೇ.

ಆಮೇಲೆ ಕೆಲವು ತಿಂಗಳು ಅವನು ಯಾರಿಗೂ ಲೈಟು ಹೊಡೆಯಲಿಲ್ಲ. ಪೊಲೀಸರನ್ನು ಕಂಡರೂ ಸುಮ್ಮನೆ ಹೋಗುತ್ತಿದ್ದ. ನನಗೇ ಕೈ ತುರಿಸುತ್ತಿತ್ತು. ಅಷ್ಟರಲ್ಲಿ ಕಮಲಕ್ಕ ಕೋಲು ಹಿಡಿದು ನಡೆಯುವಂತಾದರು, ಮತ್ತೆ ಹಾಲಿನ ಕ್ಯಾನು ಎತ್ತಿದರು. ಬೇರೆಯವರ ಕೈಯಲ್ಲಿ ಕಳಿಸುವ ಎಂದರೆ ಕೇಳುವ ಜನ ಅಲ್ಲ. “ದನ ಹಾಲು ಕೊಡುವುದು ನಿಲ್ಲಿಸಲಿ, ಮತ್ತೆ ನಾನು ನಿಲ್ಲಿಸ್ತೇನೆ,” ಎಂದರು. ದನಕ್ಕೆ ಅಂಥ ವಿಚಾರ ಇರಲಿಲ್ಲ.

ಅವರು ಮೊದಲ ಸಲ ಕೋಲೂರಿ ರಸ್ತೆ ಬದಿಗೆ ಬಂದು ನಿಂತ ಬೆಳಗ್ಗೆ, ನಾವು ತಿರುವು ದಾಟಿದ್ದೇ ತಡ, ಸಂಜೀವಣ್ಣ ಎದುರಿನ ಬಸ್ಸಿಗೆ ಲೈಟು ಹೊಡೆದ. ಬಸ್ಸಿನ ಹಿಂದೆ ಬಂದ ಕಾರಿಗೂ ಹೊಡೆದ.

ನಾನು ಹಿಂತಿರುಗಿ ನೋಡಿದೆ. “ಪೊಲೀಸ್ ಎಲ್ಲುಂಟು?”

“ಇಲ್ಲ.”

“ಮತ್ತೆ ಹೊಡೆದದ್ದು?”

“ಇಲ್ಲ, ಅದಕ್ಕೇ.”

ಅಂದಿನಿಂದ ದಿನಾ ಇದೇ ಆಯಿತು. ಬೆಳಗ್ಗೆ ತಿರುವು ದಾಟಿದ ಮೇಲೆ ಬದಿಯಡ್ಕದಿಂದ ಬರುವವರಿಗೆ, ಸಂಜೆ ನನ್ನನ್ನು ಬಿಡಲು ಬರುವಾಗ ಪೆರ್ಲದಿಂದ ಬರುವವರಿಗೆ. ಪೊಲೀಸರು ನಿಜವಾಗಿ ನಿಂತಲ್ಲಿ ಮಾತ್ರ ಹೊಡೆಯುತ್ತಿರಲಿಲ್ಲ. ಅಲ್ಲಿ ಅವರೇ ನೋಡಿಕೊಳ್ಳುತ್ತಾರೆ ಎನ್ನುತ್ತಿದ್ದ.

ಸುದ್ದಿ ಹರಡಲು ಎಷ್ಟು ಹೊತ್ತು? “ಸಂಜೀವಣ್ಣಂದು ಈಗ ಬರೀ ಲೊಟ್ಟೆ,” ಎಂದರು ಆಟೋದವರು, ಬರೀ ಸುಳ್ಳು ಎಂದು. ಪೆರ್ಲದಲ್ಲಿ ಚಾ ಬಂತು, ಗೋಳಿಬಜೆ ಬರಲಿಲ್ಲ. ಕೆಂಪುಕಲ್ಲಿನ ಲಾರಿಯ ಡ್ರೈವರೊಬ್ಬ ಎಲ್ಲರೆದುರು, “ನಿಮ್ಮ ಮೇಲೆ ಒಂದು ನಂಬಿಕೆ ಇತ್ತು,” ಎಂದುಬಿಟ್ಟ. ಸಂಜೀವಣ್ಣ ಚಾ ಅರ್ಧಕ್ಕೆ ಬಿಟ್ಟು ಎದ್ದ. ನನಗೆ ಸಂಕಟವಾಯಿತು. ಅವನ ಬಳಿ ಇದ್ದ ಮರ್ಯಾದೆಯೆಲ್ಲ ಆ ಎರಡು ಲೈಟಿನಲ್ಲಿತ್ತು, ಅದನ್ನು ಅವನು ತಿಳಿದೇ ಕಳೆದುಕೊಳ್ಳುತ್ತಿದ್ದ.

ಆದರೆ ಒಂದು ವಿಷಯ ಹೇಳಬೇಕು. ಲೊಟ್ಟೆ ಎಂದು ಗೊತ್ತಿದ್ದವರೂ ನಿಧಾನ ಮಾಡುತ್ತಿದ್ದರು. ಇವತ್ತೇ ನಿಜವಾಗಿ ನಿಂತಿದ್ದರೆ? ಸರಕಾರಿ ವ್ಯವಸ್ಥೆ ಬಹುಪಾಲು ಈ ಅನುಮಾನದ ಮೇಲೆಯೇ ನಡೆಯುವುದನ್ನು ನಾನು ಒಳಗಿದ್ದು ನೋಡಿದ್ದೇನೆ.

ಅಭ್ಯಾಸ ಬಲವಾದರೆ ಆಗುವ ಅನಾಹುತವೂ ಒಂದು ದಿನ ಆಯಿತು. ಎದುರಿಗೆ ಬಂದ ವಾಹನಕ್ಕೆ ಸಂಜೀವಣ್ಣ ಎರಡು ಸಲ ಲೈಟು ಹೊಡೆದ. ಅದು ಪೊಲೀಸ್ ಜೀಪು. ಮುಂದೆ ಪೊಲೀಸರಿದ್ದಾರೆ ಎಂದು ಪೊಲೀಸರಿಗೇ ಹೇಳಿದ್ದ. ಜೀಪು ನಿಧಾನವಾಯಿತು, ಒಳಗಿದ್ದವರು ಆಚೆ ಈಚೆ ನೋಡಿದರು, ಮತ್ತೆ ನಮಗೆ ಅಡ್ಡ ಕೈ ಹಿಡಿದರು.

“ಎಂದಿನಾ ಲೈಟಡಿಚ್ಚದ್?” ಎಂದರು ಎಸ್ಸೈ, ಯಾಕೆ ಹೊಡೆದೆ ಎಂದು. ತೆಂಕಣ ಜಿಲ್ಲೆಯವರು. ಮುಂದಿನ ಮಾತೆಲ್ಲ ಮಲಯಾಳದಲ್ಲಿ ನಡೆದದ್ದು, ನಾನು ಕನ್ನಡದಲ್ಲಿ ಹೇಳುತ್ತೇನೆ.

“ಮುಂದೆ ಚೆಕ್ಕಿಂಗ್ ಉಂಟಾ? ನಮಗೆ ಗೊತ್ತಿಲ್ಲದೆ?”

“ಇಲ್ಲ ಸಾರ್.”

“ಮತ್ತೆ ಉಂಟು ಅಂತ ಯಾಕೆ ಹೇಳಿದ್ದು?”

“ನೀವು ಇಲ್ಲದ್ದರಿಂದಲೇ ಹೇಳಿದ್ದು ಸಾರ್. ಇದ್ದರೆ ಹೇಳುವುದಿಲ್ಲ.”

“ನಾವು ಇದ್ದೇವೆ ಅಂತ ಹೇಳಲಿಕ್ಕೆ ನಿನಗೆ ಅಧಿಕಾರ ಕೊಟ್ಟವರು ಯಾರು?”

“ಯಾರೂ ಇಲ್ಲ ಸಾರ್. ನೀವು ದಿನಾ ಬರುವುದಾದರೆ ನಾನು ಇವತ್ತೇ ನಿಲ್ಲಿಸ್ತೇನೆ.”

ಆಗ ನಾನು ಬಾಯಿ ಹಾಕಿದೆ. “ಇವರ ತಾಯಿಗೆ ದಾಟಲಿಕ್ಕುಂಟು ಸಾರ್,” ಎಂದು ಹಿಂದಕ್ಕೆ ಕೈ ತೋರಿಸಿದೆ. ತಿರುವಿನಲ್ಲಿ ಕಮಲಕ್ಕ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಕ್ಯಾನು ಹಿಡಿದು ರಸ್ತೆಯ ನಡುವೆ ಇದ್ದರು. ಜೀಪು ನಿಂತದ್ದರಿಂದ ಅದರ ಹಿಂದೆ ವಾಹನಗಳೆಲ್ಲ ನಿಂತಿದ್ದವು. ಕಮಲಕ್ಕ ಯಾವ ಗಡಿಬಿಡಿಯೂ ಇಲ್ಲದೆ ದಾಟಿದರು. ಎಸ್ಸೈ ಟೋಪಿ ತೆಗೆದು ತಲೆ ಒರೆಸಿಕೊಂಡು, “ಹೋಗಿ,” ಎಂದರು. “ನಮ್ಮ ಜೀಪಿಗೆ ಮಾತ್ರ ಹೊಡೆಯಬೇಡಿ.”

ಕಮಲಕ್ಕ ಹೋಗಿ ಈಗ ಕೆಲವು ವರ್ಷ ಆಯಿತು. ಮನೆಯಲ್ಲಿ, ಹಾಸಿಗೆಯಲ್ಲಿ, ಮಗನ ಕೈಯಿಂದ ನೀರು ಕುಡಿದು ಹೋದರು. ರಸ್ತೆಯಲ್ಲಿ ಅಲ್ಲ. ನನಗೆ ನಿವೃತ್ತಿಯಾಯಿತು. ಸಕ್ಕರೆ ಕಾಯಿಲೆಯಿಂದ ಸಂಜೀವಣ್ಣನ ಕಣ್ಣು ಮಂಜಾಗಿ ಬಿಳಿ ಕಾರು ಮಾರಿದ. ಮುದಿವಯಸ್ಸಿನಲ್ಲಿ ಡ್ರೈವಿಂಗ್ ಕಲಿತು ನಾನೇ ಒಂದು ಚಿಕ್ಕ ಕಾರು ಓಡಿಸುತ್ತೇನೆ. ಹಿಂದಿನವರು ಹಾರನ್ ಹೊಡೆಯುತ್ತಾರೆ.

ಹಾಗೆ ಮೊನ್ನೆ ಆ ಪಿಕಪ್ಪು ಲೈಟು ಹೊಡೆದಾಗ ನಿಧಾನ ಮಾಡಿದವನು ಮರದಡಿಯಲ್ಲೆಲ್ಲ ನೋಡುತ್ತ ಬಂದೆ. ಪೊಲೀಸರು ಎಲ್ಲಿಯೂ ಇರಲಿಲ್ಲ. ತಿರುವು ಸುತ್ತಿದರೆ ರಸ್ತೆಯ ನಡುವೆ ಸಂಜೀವಣ್ಣ! ಕೈಯಲ್ಲಿ ಹಾಲಿನ ಕ್ಯಾನು, ಇನ್ನೊಂದು ಕೈ ಬಿಸಿಲಿಗೆ ಹಣೆಯ ಮೇಲೆ. ನಾನು ಆ ಸಣ್ಣ ವೇಗದಲ್ಲಿ ಇಲ್ಲದಿದ್ದರೆ ಏನಾಗುತ್ತಿತ್ತೋ! ನಿಲ್ಲಿಸಿ ಗಾಜು ಇಳಿಸಿದೆ.

“ಯಾರು, ಭಟ್ರಾ?” ಎಂದ, ಸ್ವರದಿಂದ ಗುರುತು ಹಿಡಿದು. “ಹೆದರಬೇಡಿ, ಇಲ್ಲಿ ಎಲ್ಲರೂ ಮೆಲ್ಲ ಬರ್ತಾರೆ.”

“ಒಂದು ಪಿಕಪ್ಪಿನವ ನನಗೆ ಲೈಟು ಹೊಡೆದ. ಯಾರವ?”

“ಗೊತ್ತಿಲ್ಲ. ಈಗ ತುಂಬ ಜನ ಹೊಡೀತಾರೆ. ಇಲ್ಲಿ ಹೊಡೀಬೇಕು ಅಂತ ಅವರಿಗೆ ಗೊತ್ತುಂಟು, ಯಾಕೆ ಅಂತ ಗೊತ್ತಿಲ್ಲ.” ಮತ್ತೆ ಕಿಟಕಿಗೆ ಬಗ್ಗಿ, “ಪೊಲೀಸ್ ಉಂಟಾ?” ಎಂದ.

“ಇಲ್ಲ.”

“ಹಾಗಾದ್ರೆ ಮುಂದೆ ಹೋಗಿ ಹೇಳಿ.”

ಅವನು ಇನ್ನೂ ಅರ್ಧ ರಸ್ತೆ ದಾಟಬೇಕಿತ್ತು. ನಾನು ಮುಂದೆ ಹೋದೆ. ಪೆರ್ಲದ ಕಡೆಯಿಂದ ಕೆಂಪುಕಲ್ಲು ಹೇರಿದ ಲಾರಿಯೊಂದು ಇಳಿಜಾರಿನಲ್ಲಿ ಬರುತ್ತಿತ್ತು. ನನ್ನ ಕೈ ಮೊದಲು ವೈಪರ್ ಹಾಕಿತು. ನೀರೂ ಚಿಮ್ಮಿತು. ಮತ್ತೆ ಲೈಟು ಸಿಕ್ಕಿತು. ಎರಡು ಸಲ ಹೊಡೆದೆ. ಡ್ರೈವರ್ ಅಂಗೈಯಿಂದ ತಲೆ ತಟ್ಟಿ, ಹೌದಾ ಎಂಬಂತೆ ಹುಬ್ಬೇರಿಸಿದ. ಸರಕಾರದ ಅನ್ನ ಉಂಡ ನಾನು ಕೂದಲಿಲ್ಲದ ನನ್ನ ತಲೆಯನ್ನು ಚೆನ್ನಾಗಿ ತಟ್ಟಿಕೊಂಡು, ಇದ್ದಾರೆ ಎಂದೆ. ಕನ್ನಡಿಯಲ್ಲಿ ನೋಡುತ್ತಲೇ ಇದ್ದೆ. ತಿರುವಿಗೆ ಮುಂಚೆ ಲಾರಿಯ ಹಿಂದಿನ ಕೆಂಪು ದೀಪ ಹೊತ್ತಿತು.