ವಾಕ್‌ಓವರ್ ಬೇಡವೆಂದ ಶಮೀಮ್ ಮೇಡಂ

ಶಮೀಮ್ ಮೇಡಂ ಕಬಡ್ಡಿ ಕಲಿಸುವಾಗಲೂ ಹೆಲ್ಮೆಟ್ ತೆಗೆಯುತ್ತಿರಲಿಲ್ಲ. ಸ್ಕೂಟಿ ನಿಲ್ಲಿಸಿ ಹಾಗೆಯೇ ಮೈದಾನಕ್ಕೆ ನಡೆದು ಬರುತ್ತಿದ್ದರು. ಅವರು ಒಳಗಿನಿಂದ ಕೂಗಿದ್ದು ನಮಗೆ ಅರ್ಧ ಕೇಳುತ್ತಿತ್ತು, ನಾವು ಕೂಗಿದ್ದು ಅವರಿಗೆ ಏನೂ ಕೇಳುತ್ತಿರಲಿಲ್ಲ.

“ಮೇಡಂ, ಅದನ್ನ ತೆಗೀರಿ. ನೀವು ಏನಂದ್ರಿ ತಿಳೀವಲ್ದು,” ಎಂದು ಒಮ್ಮೆ ಹತ್ತಿರ ಹೋಗಿ ಹೇಳಿದೆ.

“ಬಿಸಲು ಯಾರ ತಲಿಗೆ ಬಡ್ಯಾಕತ್ತದ, ನಿನ್ನ ತಲಿಗೋ ನನ್ನ ತಲಿಗೋ?” ಎಂದರು. ಬಿಸಿಲು ಬಡಿಯುತ್ತಿದ್ದುದು ನನ್ನ ತಲೆಗೇ. ಅದನ್ನು ಅವರಿಗೆ ಹೇಳುವವರು ಯಾರು?

ಬಸವಕಲ್ಯಾಣದ ನಮ್ಮ ಪಿಯು ಕಾಲೇಜಿನಲ್ಲಿ ಅವರು ದೈಹಿಕ ಶಿಕ್ಷಣ ನೋಡಿಕೊಳ್ಳುತ್ತಿದ್ದರು. ಐದಡಿ ಎತ್ತರ, ಚೂಡಿದಾರದ ಕೆಳಗೆ ಗಂಡಸರ ಸ್ಪೋರ್ಟ್ಸ್ ಬೂಟು, ಕೀಗೊಂಚಲಿನಲ್ಲಿ ಒಂದು ಉಗುರುಕತ್ತರಿ. ಕಬಡ್ಡಿ ಆಡುವವರು ಉಗುರು ಬಿಡಬಾರದೆಂಬುದು ನಮಗೂ ಗೊತ್ತಿತ್ತು. ಆದರೆ ನಾನು ಅಕ್ಕನ ಮದುವೆಗಾಗಿ ಮೂರು ವಾರ ಕಾದು, ಕೈ ಬಚ್ಚಿಟ್ಟುಕೊಂಡು, ಹತ್ತು ಉಗುರು ಬೆಳೆಸಿದ್ದೆ. ಮದುವೆಯ ಹಿಂದಿನ ದಿನ ವರಾಂಡದಲ್ಲಿ ಎದುರಾದರು. “ಕೈ ತೋರಸು ಬೇಟಾ,” ಎಂದರು. ಅವರ ಬಾಯಲ್ಲಿ ‘ಬೇಟಾ’ ಬಂತೆಂದರೆ ಮುಗಿಯಿತು. ನಾನು ಅತ್ತೆ, ಬೇಡಿದೆ. ಅವರು ಒಂದೊಂದಾಗಿ ಹತ್ತನ್ನೂ ಕತ್ತರಿಸಿ, “ಮದುವಿ ನಿಂದಲ್ಲಲ್ಲ,” ಎಂದು ಹೇಳಿ ಸ್ಟಾಫ್ ರೂಮಿಗೆ ಹೋದರು. ಮದುವೆಯ ಫೋಟೋಗಳಲ್ಲೆಲ್ಲ ನಾನು ಮುಷ್ಟಿ ಬಿಗಿದುಕೊಂಡೇ ನಿಂತಿದ್ದೇನೆ.

ಇಷ್ಟಾದರೂ ಅವರು ಕಲಿಸಿದ್ದರಿಂದಲೇ ನಾನು ಎರಡನೇ ವರ್ಷ ತಂಡದ ನಾಯಕಿಯಾದೆ, ನಾವು ವಲಯ ಮಟ್ಟದ ಫೈನಲ್ ತಲುಪಿದೆವು. ಗೆದ್ದವರು ಜಿಲ್ಲಾ ಪಂದ್ಯಕ್ಕೆ ಬೀದರಿಗೆ ಹೋಗುತ್ತಿದ್ದರು. ಅಲ್ಲಿಗೆ ಮೇಲಿನ ತಂಡಕ್ಕೆ ಆಟಗಾರ್ತಿಯರನ್ನು ಆರಿಸುವವರು ಬರುತ್ತಿದ್ದರು. “ಬೀದರಿಗಿ ಹೋದ್ರ ಮುಂದ ಆಡು. ಇಲ್ಲಾಂದ್ರ ಈ ವರ್ಷಕ್ಕ ಆಟ ಮುಗೀತು,” ಎಂದು ಅಪ್ಪ ಮೊದಲೇ ಹೇಳಿಬಿಟ್ಟಿದ್ದರು. ಅಪ್ಪ ಹೇಳಿದ ಮೇಲೆ ಹೇಳಿದಂತೆಯೇ.

ಫೈನಲ್ ಹುಮನಾಬಾದಿನಲ್ಲಿ. ಬೆಳಿಗ್ಗೆ ಹತ್ತಕ್ಕೆ ಆಟವೆಂದರೆ ನಾವು ಬಾಡಿಗೆ ಕ್ರೂಸರಿನಲ್ಲಿ ಎಂಟಕ್ಕೇ ಬಂದು ಮೈ ಬಿಸಿ ಮಾಡಿಕೊಂಡು ನಿಂತಿದ್ದೆವು. ಎದುರಾಳಿಗಳು ದುಬಲಗುಂಡಿಯವರು, ಅಂದರೆ ಅಲ್ಲಿಯೇ ಪಕ್ಕದವರು. ಹತ್ತಾಯಿತು, ಹತ್ತೂಕಾಲಾಯಿತು, ಅವರ ಸುಳಿವಿಲ್ಲ. ರೆಫರಿ ಹಾಳೆ ಹಿಡಿದುಕೊಂಡು ಮೇಡಂ ಹತ್ತಿರ ಬಂದರು.

“ಟೈಮ್ ಆತ್ರಿ ಮೇಡಂ. ಇಲ್ಲೊಂದು ಸಹಿ ಮಾಡ್ರಿ. ವಾಕ್‌ಓವರ್, ಕಪ್ ನಿಮ್ದ.”

ಮೇಡಂ ಪೆನ್ನು ತೆಗೆದುಕೊಂಡರು. ಆಮೇಲೆ ಕೇಳಿದರು, “ಯಾಕ ಬಂದಿಲ್ಲ ಅವ್ರು?”

“ದಾರ್‍ಯಾಗ ಟೆಂಪೊ ಕೆಟ್ಟು ನಿಂತದಂತ್ರಿ.”

ಮೇಡಂ ಪೆನ್ನಿಗೆ ಮುಚ್ಚಳ ಹಾಕಿ ವಾಪಸ್ ಕೊಟ್ಟರು. ನಮ್ಮ ಕ್ರೂಸರಿನ ಡ್ರೈವರನ್ನು ಕರೆದು, “ಹೋಗಿ ಕರ್ಕೊಂಡು ಬರ್ರಿ,” ಎಂದರು.

ನಾನು ಓಡಿದೆ. “ಮೇಡಂ, ಸಹಿ ಮಾಡ್ರಿ. ನಿಮ್ಮ ಕಾಲಿಗಿ ಬೀಳ್ತೀನಿ. ನಮ್ಮಪ್ಪ ಏನಂದಾರಂತ ನಿಮಗ ಗೊತ್ತದ.”

“ಗೊತ್ತದ. ಆಡಾಕ ಬಂದಿಯೋ, ಸಹಿ ಮಾಡಸಾಕ ಬಂದಿಯೋ? ಹೋಗು, ನೀರು ಕುಡಿ.”

ಒಂದು ತಾಸಿನ ಮೇಲೆ ನಮ್ಮದೇ ಗಾಡಿಯಲ್ಲಿ, ಕಿಟಕಿಯಿಂದ ಕೈ ಬೀಸುತ್ತ, ಹಾಡು ಹೇಳುತ್ತ ಆ ಹುಡುಗಿಯರು ಬಂದಿಳಿದರು. ಅಷ್ಟರಲ್ಲಿ ನಮ್ಮ ಮೈ ತಣ್ಣಗಾಗಿತ್ತು, ತಲೆ ಕಾದಿತ್ತು. ಕೊನೆಯ ನಿಮಿಷದಲ್ಲಿ ಒಂದು ಪಾಯಿಂಟ್ ಹಿಂದಿದ್ದೆವು. ರೇಡಿಗೆ ನಾನೇ ಹೋದೆ. ಇಬ್ಬರನ್ನು ಮುಟ್ಟಿ ತಿರುಗಿದಾಗ ಒಬ್ಬಳು ಕಣಕಾಲು ಹಿಡಿದಳು. ನಡುಗೆರೆಗೆ ನನ್ನ ಬೆರಳು ಮುಟ್ಟಲು ಒಂದು ಗೇಣು ಉಳಿದಿತ್ತು. ಎಲ್ಲರೂ ಮೇಲೆ ಬಿದ್ದರು, ರೆಫರಿ ಸೀಟಿ ಊದಿದರು.

ಅಲ್ಲಿಗೂ ಮುಗಿಯಲಿಲ್ಲ. ದುಬಲಗುಂಡಿಯವರಿಗೆ ಮನೆಗೆ ಹೋಗಲು ಗಾಡಿ ಇಲ್ಲವೆಂದು ಮೇಡಂ ಮತ್ತೆ ನಮ್ಮ ಕ್ರೂಸರನ್ನೇ ಕೊಟ್ಟರು. ಕಪ್ ನಮ್ಮ ಗಾಡಿಯಲ್ಲಿ ಅವರೂರಿಗೆ ಹೋಯಿತು. ಅದು ತಿರುಗಿ ಬರುವವರೆಗೆ ನಾವು ಹನ್ನೊಂದು ಹುಡುಗಿಯರು ಬಾಳೆಹಣ್ಣು ತಿನ್ನುತ್ತ ರಸ್ತೆ ಬದಿ ಕುಳಿತಿದ್ದೆವು. ಮೇಡಂ ನನಗೆ ಎರಡು ಹಣ್ಣು ಕೊಡಲು ಬಂದರು. ನಾನು ಮುಖ ತಿರುಗಿಸಿದೆ.

ಅಪ್ಪ ಮಾತು ಬದಲಿಸಲಿಲ್ಲ. ನಾನು ಆಮೇಲೆ ಆಡಲಿಲ್ಲ. ಡಿಗ್ರಿ, ಬಿ.ಎಡ್. ಮುಗಿಸಿ ಈಗ ಮುಡಬಿಯಲ್ಲಿ ಮಕ್ಕಳಿಗೆ ಗಣಿತ ಕಲಿಸುತ್ತಿದ್ದೇನೆ. ಆ ಫೈನಲ್ಲಿನ ಸುದ್ದಿ ಮಾತ್ರ ನನ್ನ ಬೆನ್ನು ಬಿಡಲಿಲ್ಲ. ಎಲ್ಲಿ ಹೋದರೂ ಯಾರಾದರೊಬ್ಬರು, “ಎಂಥಾ ದೊಡ್ಡ ಮನಸ್ಸರಿ ನಿಮ್ಮ ಮೇಡಂದು!” ಎನ್ನುತ್ತಿದ್ದರು. ನನ್ನ ಆಟ ಕೊಟ್ಟು ಅವರು ದೊಡ್ಡ ಮನಸ್ಸಿನವರಾದರಲ್ಲ ಎಂದು ನನಗೆ ಹೊಟ್ಟೆ ಉರಿಯುತ್ತಿತ್ತು.

ಅವರ ನಿವೃತ್ತಿ ಸಮಾರಂಭಕ್ಕೆ ಹೋಗಿದ್ದೆ. ವೇದಿಕೆಯ ಮೇಲೆ ನಾಲ್ವರು ಅದೇ ಕಥೆ ಹೇಳಿದರು. ಊಟದ ಹೊತ್ತಿಗೆ ತಡೆಯಲಾಗದೆ, ಕೈ ತೊಳೆಯುವಲ್ಲಿ ಅವರನ್ನು ಹಿಡಿದು ನಿಲ್ಲಿಸಿದೆ.

“ಒಂದು ಮಾತು ಹೇಳ್ರಿ ಮೇಡಂ. ಅವತ್ತು ಯಾಕ ಸಹಿ ಮಾಡ್ಲಿಲ್ಲ? ದೊಡ್ಡ ಮನಸ್ಸೇನ್ರಿ?”

ಮೇಡಂ ಅತ್ತಿತ್ತ ನೋಡಿ ದನಿ ತಗ್ಗಿಸಿದರು. “ಮನಸ್ಸೂ ಇಲ್ಲ, ಏನೂ ಇಲ್ಲ. ಸೆಮಿಫೈನಲ್‌ನ್ಯಾಗ ಆ ಹುಡುಗ್ಯಾರ ಆಟ ನೋಡಿದ್ನಿ ನಾ. ಹಿಡಿಯಾಕ ಬರ್ತಿದ್ದಿಲ್ಲ ಅವ್ರಿಗಿ. ಹತ್ತು ಪಾಯಿಂಟ್‌ಲೆ ಬಡೀತೀರಿ ನೀವು ಅನ್ಕೊಂಡಿದ್ನಿ. ಬಿಟ್ಟಿ ಕಪ್ ಒಯ್ದ್ರ, ನನ್ನ ಹುಡುಗ್ಯಾರು ಎಷ್ಟು ಚಲೋ ಆಡ್ತಾರಂತ ಯಾರು ನೋಡ್ತಿದ್ರು?”

ಇಷ್ಟು ವರ್ಷ ನಾನು ಬೈದುಕೊಂಡದ್ದು ಅವರ ನ್ಯಾಯವನ್ನು. ಅಲ್ಲಿದ್ದದ್ದು ನಮ್ಮ ಮೇಲಿನ ಹುಚ್ಚು ನಂಬಿಕೆ.

ಅವರು ಕೈ ಒರೆಸಿಕೊಳ್ಳುತ್ತ ಮುಂದುವರಿಸಿದರು. “ತಪ್ಪು ನಂದ ಅದ, ಒಪ್ತೀನಿ. ಆದ್ರ ನೀ ಕಡೀ ರೇಡಿನ್ಯಾಗ ಎಡಕ್ಕ ಹೋಗಬೇಕಿತ್ತು ಸುನಂದಾ. ನಾ ಹೊರಗಿಂದ ಒದರಾಕತ್ತಿದ್ನಿ, ಎಡಕ್ಕ ಎಡಕ್ಕ ಅಂತ. ನೀ ಕೇಳ್ಬೇಕಲ್ಲ?”

ಅಷ್ಟರಲ್ಲಿ ಯಾರೋ ಫೋಟೋಕ್ಕೆ ಕರೆದರು, ಅವರು ಸೆರಗು ಸರಿಮಾಡಿಕೊಳ್ಳುತ್ತ ಹೊರಟುಹೋದರು. ಸಿಟ್ಟಿನಲ್ಲಿ ನಾನು ಎಡಕ್ಕೆ ಯಾಕೆ ಹೋಗಲಿಲ್ಲವೆಂದು ಹೇಳದೆಯೇ ಬಂದುಬಿಟ್ಟೆ. ಆಮೇಲೆ ಫೋನ್ ಮಾಡಿ ಹೇಳಿದರಾಯಿತು ಎಂದುಕೊಂಡೆ, ಮಾಡಲಿಲ್ಲ. ಏಳು ತಿಂಗಳಿಗೆ ಮೇಡಂ ಎದೆನೋವಿನಿಂದ ತೀರಿಕೊಂಡರು.

ಎಡಕ್ಕೆ ಮೂರು ಜನ ನಿಂತಿದ್ದರು, ಮೇಡಂ. ನೀವು ನಿಂತಲ್ಲಿಂದ ಕಾಣುತ್ತಿರಲಿಲ್ಲ. ಹ್ಯಾಂಗ ಹೋಗ್ಲಿ ನಾನು?