ತಿರುಪಿನ ತೂತಿನಲ್ಲಿ ಕೆಂಪು

ಸೊನ್ನೆಯಣ್ಣ ಎಂಬುದು ಬಜಾರು ಅವನಿಗೆ ಇಟ್ಟ ಹೆಸರು. ಅವನು ಅದನ್ನು ಬಿರುದು ಎಂದುಕೊಂಡಿದ್ದ. ಮಾನವಿದ್ದವನಾಗಿದ್ದರೆ ಬೈಗುಳ ಎಂದುಕೊಳ್ಳುತ್ತಿದ್ದ. ಮಹಡಿಯ ಮೇಲೆ ಕಿಟಕಿಯಿಲ್ಲದ ಕೋಣೆ, ಉದ್ದನೆಯ ಮೇಜು, ಅದರ ತುಂಬ ಹಳೆಯ ಕಂಪ್ಯೂಟರುಗಳಿಂದ ಕಿತ್ತ ಹಾರ್ಡ್ ಡ್ರೈವುಗಳು. ಪ್ರತಿ ಡ್ರೈವೂ ತಾನು ಎಷ್ಟು ಗಂಟೆ ದುಡಿದೆ ಎಂದು ಹೊಟ್ಟೆಯೊಳಗೇ ಲೆಕ್ಕ ಇಟ್ಟುಕೊಂಡಿರುತ್ತದೆ. ಆ ಲೆಕ್ಕವನ್ನು ಸೊನ್ನೆಗೆ ತಿರುಗಿಸಿ, ಹೊಸ ಚೀಟಿ ಅಂಟಿಸಿ, ಮುದುಕನನ್ನು ಮದುವೆಗಂಡು ಮಾಡುವುದೇ ಅವನ ಕಸುಬು.

ಕೊಳ್ಳುವವರನ್ನು ಕಂಡರೆ ಅವನಿಗೆ ತಾತ್ಸಾರ. "ತಿನ್ನೋ ತಟ್ಟೆದೂ ಫೋಟೋ, ಮಲಗಿರೋ ನಾಯೀದೂ ಫೋಟೋ. ಒಂದನ್ನೂ ತಿರುಗಿ ನೋಡಲ್ಲ. ಅಳಿಸಿ ಅಂದ್ರೆ ಮಾತ್ರ ಕರುಳು ಕಿತ್ಕೊಂಡು ಬರುತ್ತೆ ಇವರಿಗೆ" ಎನ್ನುತ್ತಿದ್ದ. ಅಂಥವರ ಕಸವೇ ತನ್ನ ಅನ್ನ ಎಂಬುದನ್ನು ಮಾತ್ರ ಜಾಣತನದಿಂದ ಮರೆಯುತ್ತಿದ್ದ.

ಅವನ ಕೆಲಸದಲ್ಲಿ ಒಂದೇ ಒಂದು ಪ್ರಾಮಾಣಿಕತೆ ಇತ್ತು. ಪರೀಕ್ಷೆಗೆ ಹಚ್ಚಿದಾಗ ಟಿಕ್ ಟಿಕ್ ಎಂದು ಮುಗ್ಗರಿಸುವ ಡ್ರೈವಿಗೆ, ತಿರುಪಿನ ತೂತಿನ ಮೇಲೆ ಹೆಂಡತಿಯ ಉಗುರುಬಣ್ಣದ ಕೆಂಪು ಚುಕ್ಕೆ ಇಡುತ್ತಿದ್ದ. ಚುಕ್ಕೆ ಬಿದ್ದದ್ದು ಗುಜರಿಗೆ. ಅಷ್ಟರಲ್ಲಿ ಕಾಲ ತಿರುಗಿತು. ದೊಡ್ಡ ಕಂಪನಿಗಳು ಹೊಸ ಡ್ರೈವುಗಳನ್ನು ಕಾರ್ಖಾನೆಯ ಬಾಗಿಲಲ್ಲೇ ಬಳಿದುಕೊಂಡು ಹೋಗತೊಡಗಿದವು. ಅಂಗಡಿಗಳಲ್ಲಿ ಎಷ್ಟಿದ್ದರೂ ಸಾಲದು, ಬೆಲೆ ದಿನಕ್ಕೊಂದು. ದಲ್ಲಾಳಿ ಬಂದು, "ಏನಿದ್ರೂ ಕೊಡಪ್ಪ, ತಿರುಗಿದ್ರೆ ಸಾಕು" ಎಂದ. ಗಾಳಿ ಬಂದಾಗ ತೂರಿಕೊಳ್ಳದವನು ದಡ್ಡ ತಾನೇ? ಸೊನ್ನೆಯಣ್ಣ ಗುಜರಿ ಡಬ್ಬವನ್ನೇ ಮೇಜಿನ ಮೇಲೆ ಸುರಿದು, ಥಿನ್ನರ್ ಅದ್ದಿದ ಬಟ್ಟೆಯಲ್ಲಿ ಕೆಂಪು ಒರೆಸಿ ಕಳಿಸಿಬಿಟ್ಟ. ಎಲ್ಲಿಗೆ ಹೋಗುತ್ತವೆ ಎಂದು ಕೇಳುವ ಕೆಟ್ಟ ಅಭ್ಯಾಸ ಅವನಿಗಿರಲಿಲ್ಲ.

ಅದೇ ತಿಂಗಳು ಅಕ್ಕ ಬಂದಳು. ಅವಳ ಗಂಡ ಕುರುಡು ಮಕ್ಕಳ ಶಾಲೆಗೆಂದು ವರ್ಷಗಟ್ಟಲೆ ಪುಸ್ತಕ ಓದಿ ಕಂಪ್ಯೂಟರಿನಲ್ಲಿ ಧ್ವನಿ ಹಿಡಿದಿಟ್ಟವರು. ಕಥೆಯಲ್ಲಿ ಹುಲಿ ಬಂದರೆ ಹುಲಿಯ ದನಿ, ಮುದುಕಿ ಬಂದರೆ ಮುದುಕಿಯ ದನಿ. ಆಮೇಲೆ ಗಂಟಲಿನ ಆಪರೇಷನ್ನಿನಲ್ಲಿ ಪ್ರಾಣ ಉಳಿದು ದನಿ ಹೋಯಿತು. ಶಾಲೆ ಎಂದೋ ಮುಚ್ಚಿ, ಅಲ್ಲಿಗೆ ಕೊಟ್ಟ ಸಿಡಿಗಳೂ ಕಳೆದುಹೋಗಿದ್ದವು. ಆ ದನಿ ಈಗ ಇದ್ದದ್ದು ಅವರ ಹಳೆಯ ಕಂಪ್ಯೂಟರಿನಲ್ಲಿ ಮಾತ್ರ.

"ಹಳೇದು ಯಾವಾಗ ಕೈ ಕೊಡುತ್ತೋ ಅಂತ ಭಯ ಕಣೋ. ನಿನ್ನ ಹತ್ರ ಒಂದು ಒಳ್ಳೇದಿದ್ರೆ ಕೊಡು."

ನೆಂಟರಿಗೆ ಮಾರಿದರೆ ಮಾಲು ಸತ್ತರೂ ಮಾತು ಸಾಯುವುದಿಲ್ಲ ಎಂಬುದು ಅವನ ನೀತಿ. "ಗಾಜಿನ ಬಾಗಿಲಿನ ದೊಡ್ಡ ಅಂಗಡಿಗೆ ಹೋಗಕ್ಕ, ಹೊಸದು ಸಿಗುತ್ತೆ" ಎಂದ. ಅಲ್ಲಿಗೇ ಬಿಟ್ಟಿದ್ದರೂ ಆಗುತ್ತಿತ್ತು. "ಎಲ್ಲಾ ಅದಕ್ಕೆ ಹಾಕ್ಕೊಂಡ ಮೇಲೆ ಹಳೇದು ನನಗೆ ಕೊಟ್ಟುಬಿಡು. ಮನೇಲಿ ಕಸ ಯಾಕೆ?"

ಬೇಕಾದದ್ದನ್ನು ಎರಡು ಕಡೆ ಇಡಿ ಎಂದು ಊರಿಗೆಲ್ಲ ಉಪದೇಶ ಮಾಡುವವನು ಅಕ್ಕನಿಗೆ ಅದನ್ನು ಹೇಳಲಿಲ್ಲ. ಹಳೆಯದು ಗಟ್ಟಿ ಜಾತಿಯ ಡ್ರೈವು ಎಂದು ಅವನಿಗೆ ಗೊತ್ತಿತ್ತು. ಅವಳು ಪಾಪ, ತಮ್ಮನಿಗೆ ಉಪಯೋಗವಾಗಲಿ ಎಂದು ಸೀರೆಯ ತುಂಡಿನಲ್ಲಿ ಸುತ್ತಿ ತಂದುಕೊಟ್ಟಳು. ಅವನು ಅದರೊಳಗಿದ್ದದ್ದನ್ನು ಅಂದೇ ಪೂರ್ತಿ ಅಳಿಸಿ, ಸೊನ್ನೆಗೆ ತಿರುಗಿಸಿ, ಸಾಗಹಾಕಿದ.

ಎರಡು ತಿಂಗಳಾಗಿರಲಿಲ್ಲ, ಗಂಡ ಹೆಂಡತಿ ಮೆಟ್ಟಿಲು ಹತ್ತಿ ಬಂದರು. "ಆ ದೊಡ್ಡ ಅಂಗಡೀಲಿ ತಗೊಂಡಿದ್ದು ಟಿಕ್ ಟಿಕ್ ಅನ್ನುತ್ತೆ ಕಣೋ, ಒಳಗಿಂದ ಏನೂ ಬರ್ತಿಲ್ಲ. ನೀನು ಕೈ ಇಟ್ರೆ ಸರಿಹೋಗುತ್ತೆ ಅಂತ ತಂದೆ."

ಅವನು ಪೆಟ್ಟಿಗೆ ಬಿಚ್ಚಿ ಡ್ರೈವನ್ನು ಹೊರಗೆಳೆದು ದೀಪಕ್ಕೆ ಹಿಡಿದ. ತಿರುಪಿನ ತೂತಿನ ಒಳಗೆ, ಬಟ್ಟೆ ತಲುಪದ ಜಾಗದಲ್ಲಿ, ಕೂದಲೆಳೆಯಷ್ಟು ಕೆಂಪು. ಅವನದೇ ಕೈ, ಅವನದೇ ಚುಕ್ಕೆ. ಆ ಸದ್ದೆಂದರೆ ಒಳಗೆ ದನಿ ಬರೆದಿಟ್ಟ ತಟ್ಟೆಗಳು ಕೆರೆದುಹೋಗಿವೆ ಎಂದೇ ಅರ್ಥ. ಹಳೆಯದನ್ನು ಅಳಿಸಿ ಮಾರಿಯಾಗಿತ್ತು. ಭಾವನ ದನಿ ಜಗತ್ತಿನಲ್ಲಿ ಇನ್ನೆಲ್ಲೂ ಇರಲಿಲ್ಲ.

ಒಂದು ಗಳಿಗೆ ಅವನ ಬಾಯಿ ಒಣಗಿತು, ನಿಜ. ಅಷ್ಟಕ್ಕೇ ಮನುಷ್ಯ ಅನ್ನಬೇಡಿ. ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದ ಕೋತಿಗೂ ಬಾಯಿ ಒಣಗಿರಬಹುದು.

"ಬೀಳಿಸಿದ್ದೀರ" ಎಂದ, ತಲೆಯೆತ್ತದೆ. "ಇಷ್ಟು ನಾಜೂಕಿನ ವಸ್ತು, ಜೋಪಾನ ಮಾಡೋಕೆ ಬರದಿದ್ರೆ ಯಾಕೆ ತಗೋಬೇಕು?"

ಅಕ್ಕ ಗಂಡನ ಕಡೆ ತಿರುಗಿದಳು. "ನೋಡಿದ್ರಾ? ದೂಳು ಒರೆಸುವಾಗ ಹುಷಾರು ಅಂತ ಬಡ್ಕೊಂಡೆ."

ಭಾವ ತಲೆ ಅಲ್ಲಾಡಿಸಿದರು. ಇಲ್ಲ, ಇಲ್ಲ ಎಂದು ಕೈಯಾಡಿಸಿದರು. ಬಾಯಿ ತೆರೆದರು, ಕತ್ತಿನ ನರ ಉಬ್ಬಿತೇ ಹೊರತು ಗಾಳಿ ಮಾತ್ರ ಬಂತು.

"ಹೋಗ್ಲಿ ಬಿಡಿ, ನಾನೇ ಬೀಳಿಸಿದ್ದೆನೋ ಏನೋ" ಎಂದು ಅಕ್ಕ ಕಣ್ಣೊರೆಸಿಕೊಂಡಳು. ಸೊನ್ನೆಯಣ್ಣನಿಗೆ ಉದಾರತನ ಉಕ್ಕಿತು. ಕಪಾಟಿನಲ್ಲಿ ತನಗೆಂದು ಇಟ್ಟುಕೊಂಡಿದ್ದ, ಸೀಲೂ ಒಡೆಯದ ಅಪ್ಪಟ ಹೊಸ ಡ್ರೈವನ್ನು ಮುಂದೆ ಹಿಡಿದ. "ತಗೋ ಅಕ್ಕ. ದುಡ್ಡು ಬೇಡ."

ಅವಳು ಅದನ್ನು ಅವನ ಕಡೆಗೇ ಮೆಲ್ಲಗೆ ಸರಿಸಿದಳು. "ನೀನೇ ಇಟ್ಕೋಪ್ಪ. ಇದರೊಳಗೆ ಹಾಕೋಕೆ ನಮ್ಮ ಹತ್ರ ಇನ್ನೇನಿದೆ?"

ಅವರ ಹೆಜ್ಜೆ ಸದ್ದು ಕೆಳಗಿಳಿದ ಮೇಲೆ ಅವನು ಎದ್ದ. ದಲ್ಲಾಳಿಗೆ ಕಳಿಸಲು ಕಟ್ಟಿಟ್ಟ ಹೊಸ ಕಂತನ್ನು ಬಿಚ್ಚಿದ. ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಥಿನ್ನರಿನಲ್ಲಿ ಅದ್ದಿ, ಒಂದೊಂದೇ ತಿರುಪಿನ ತೂತಿನ ಒಳಗನ್ನು ತಿಕ್ಕತೊಡಗಿದ.