ಬ್ರೇಕಿಲ್ಲದ ಮಿಸ್ತ್ರಿ

ಮೊನ್ನೆ ಹಾನಗಲ್ ಬಸ್ ಸ್ಟ್ಯಾಂಡಿನ ಪಕ್ಕ ಯಾರೋ ಪಂಚರ್ ಹಾಕುತ್ತಿದ್ದರು. ಟ್ಯೂಬಿಗೆ ಹಚ್ಚುವ ಸಲ್ಯೂಷನ್ನಿನ ವಾಸನೆ ಮೂಗಿಗೆ ಬಡಿಯಿತು. ಅಷ್ಟಕ್ಕೇ ನನಗೆ ಸಿಟ್ಟು ಬಂತು. ವಾಸನೆಗೆಲ್ಲ ಸಿಟ್ಟು ಮಾಡಿಕೊಳ್ಳುವವಳು ಎಂಥವಳು ಎಂದು ನೀವು ಕೇಳಬಹುದು. ಸವಣೂರಿನ ಒಬ್ಬ ಸೈಕಲ್ ಮಿಸ್ತ್ರಿಯ ಅಂಗಡಿಯ ಮುಂದೆ ಒಂದಿಡೀ ಬೇಸಿಗೆ ಆ ವಾಸನೆ ಕುಡಿಯುತ್ತ ನಿಂತಿದ್ದವಳು ನಾನು. ಕೂರಲು ಅವರು ಒಂದು ಸ್ಟೂಲನ್ನೂ ಕೊಟ್ಟಿರಲಿಲ್ಲ...

ಅವರ ಹೆಸರು ನನಗೆ ಗೊತ್ತಿರಲಿಲ್ಲ, ಕೇಳಲೂ ಇಲ್ಲ. ಊರೆಲ್ಲ ಮಿಸ್ತ್ರಿ ಎನ್ನುತ್ತಿತ್ತು, ನಾನೂ ಮಿಸ್ತ್ರಿ ಎಂದೆ. ಈಗ ಬರೆಯುವಾಗ ‘ಅವರು’ ಎನ್ನುತ್ತಿದ್ದೇನೆ. ಆಗ ನನ್ನ ಮನಸ್ಸಿನಲ್ಲಿದ್ದದ್ದು ‘ಅವನು’.

ಯಲವಿಗಿ ಹಾದಿಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಆಗ ನಾನು ಗಣಿತ ಕಲಿಸುತ್ತಿದ್ದೆ. ಸವಣೂರಿನಲ್ಲಿ ಬಾಡಿಗೆ ಮನೆ, ನಾನೂ ಅವ್ವನೂ ಇಬ್ಬರೇ. ಬಸ್ಸು ಶಾಲೆಯ ಗಂಟೆಗಿಂತ ಒಂದು ತಾಸು ಮೊದಲು ಬರುತ್ತಿತ್ತು, ಇಲ್ಲವೇ ಅರ್ಧ ತಾಸು ತಡವಾಗಿ. ಸ್ಕೂಟಿ ತಗೊಳ್ರಿ ಎಂದು ಎಲ್ಲರೂ ಹೇಳಿದರು. ಯಾರಾದರೂ ಹೀಗೆ ಮಾಡು ಎಂದರೆ ಅದನ್ನು ಬಿಟ್ಟು ಬೇರೆ ಮಾಡುವುದು ನನ್ನ ಹುಟ್ಟುಗುಣ. ಸೈಕಲ್ಲೇ ಬೇಕು ಎಂದು ಹಟ ಹಿಡಿದೆ. ಅದು ಹಗುರ ಇರಬೇಕು, ಏಕೆಂದರೆ ನಮ್ಮ ಮನೆ ಮಾಳಿಗೆಯ ಮೇಲಿತ್ತು, ದಿನಾ ಹೊತ್ತು ಮೆಟ್ಟಿಲು ಹತ್ತಬೇಕು. ಹಿಂದೆ ಗಟ್ಟಿ ಕ್ಯಾರಿಯರ್ ಬೇಕು, ರವಿವಾರ ಚೀಲ ಕಟ್ಟಿಕೊಂಡು ಬಂಕಾಪುರದ ಮೇಲೆ ಹಾನಗಲ್ಲಿನ ಅಕ್ಕನ ಮನೆಗೆ ಹೋಗಲು. ಬ್ರೇಕು ಡಿಸ್ಕ್ ಆಗಿರಬೇಕು. ಮಳೆಗಾಲದ ಎರೆಮಣ್ಣು ಎಂಥದೆಂದು ಈ ಕಡೆಯವರಿಗೆ ಹೇಳಬೇಕಿಲ್ಲ. ರಿಮ್ಮನ್ನು ಕಚ್ಚುವ ಬ್ರೇಕಿಗೆ ಅದು ಮೆತ್ತಿಕೊಂಡರೆ ಗಾಲಿ ತಿರುಗುವುದೂ ಇಲ್ಲ, ಬೇಕಾದಾಗ ನಿಲ್ಲುವುದೂ ಇಲ್ಲ.

ಇಂಥ ಸೈಕಲ್ಲು ಅಂಗಡಿಯಲ್ಲಿ ಸಿಗಲಿಲ್ಲ. ಹುಡುಗರ ಡಿಸ್ಕ್ ಸೈಕಲ್ಲುಗಳು ಬಂದಿದ್ದವು, ಎತ್ತಲು ಇಬ್ಬರು ಬೇಕು. ಅಲ್ಯೂಮಿನಿಯಂ ಫ್ರೇಮು, ಹಬ್ಬು, ರಿಮ್ಮು, ಸ್ಪೋಕು, ಎರಡು ಡಿಸ್ಕು ಎಲ್ಲವನ್ನೂ ಫೋನಿನಲ್ಲಿ ಹುಡುಕಿ ಬಿಡಿಬಿಡಿಯಾಗಿ ತರಿಸಿದೆ. ಜೋಡಿಸಲು ಮಿಸ್ತ್ರಿಯ ಬಳಿ ಒಯ್ದೆ. ಅವರು ಫ್ರೇಮನ್ನು ಎರಡು ಬೆರಳಲ್ಲಿ ಎತ್ತಿ, ಪಕ್ಕದ ಎಲೆ-ಅಡಿಕೆ ಅಂಗಡಿಯಲ್ಲಿ ಕೂತವರಿಗೆ ಕಾಣುವಂತೆ ತಿರುಗಿಸಿದರು.

“ಏನ್ರೀ ಅಕ್ಕೋರ ಇದು? ಹತ್ತೂದೋ, ಹಪ್ಪಳದಂಗ ಸುಟ್ಟು ತಿನ್ನೂದೋ?”

ಎಲೆ ಅಂಗಡಿ ನಕ್ಕಿತು. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರ ಎಂದು ಕರೆಯುವುದು ಗೌರವಕ್ಕೆ. ಅವರ ಬಾಯಲ್ಲಿ ಮಾತ್ರ ಅದು ಬೈಗುಳದ ಹಾಗೆ ಕೇಳುತ್ತಿತ್ತು. ಅಂದೇ ಸಾಮಾನು ಎತ್ತಿಕೊಂಡು ಬರಬೇಕಿತ್ತು. ಆದರೆ ಗಾಲಿ ಕಟ್ಟುವುದರಲ್ಲಿ ಸುತ್ತಲಿನ ನಾಲ್ಕು ಊರಿಗೆ ಅವರೇ ಎಂದು ಎಲ್ಲರೂ ಹೇಳಿದ್ದರು. ಶಿಗ್ಗಾವಿಯಿಂದಲೂ ಜನ ಡೊಂಕಾದ ಗಾಲಿಗಳನ್ನು ಬಸ್ಸಿನಲ್ಲಿ ಹಾಕಿಕೊಂಡು ಅವರ ಹತ್ತಿರ ಬರುತ್ತಿದ್ದರು.

ನನಗೂ ಸೊಕ್ಕು ಕಡಿಮೆ ಇರಲಿಲ್ಲ. ಮುಂದಿನ ಗಾಲಿಯನ್ನು ನಾನೇ ಕಟ್ಟಿ ತೋರಿಸುತ್ತೇನೆ ಎಂದು ಮನೆಗೆ ಒಯ್ದೆ. ಫೋನಿನಲ್ಲಿ ನೋಡಿದ ಚಿತ್ರದಂತೆ ಸ್ಪೋಕುಗಳನ್ನೆಲ್ಲ ಹಬ್ಬಿನಿಂದ ರಿಮ್ಮಿಗೆ ನೆಟ್ಟಗೆ ಏರಿಸಿದೆ. ಸೂರ್ಯನ ಕಿರಣದಂತೆ ಕಾಣುತ್ತಿತ್ತು. ಎರಡು ಸಂಜೆ ಕೂತು ಮಾಡಿದ ಕೆಲಸ. ಮಿಸ್ತ್ರಿ ಅದನ್ನು ಒಮ್ಮೆ ನೋಡಿದರು, ನೆಲದ ಮೇಲೆ ಇಟ್ಟುಕೊಂಡು ಒಂದೊಂದೇ ಕಡ್ಡಿ ಬಿಚ್ಚತೊಡಗಿದರು. ನಾನು ಕೂಗಾಡಿದೆ.

“ಹಳೇ ಬ್ರೇಕ ಗಾಲಿ ಅಂಚು ಹಿಡೀತೈತ್ರಿ” ಎಂದರು, ತಲೆ ಎತ್ತದೆ. “ಡಿಸ್ಕು ನಡುವ ಹಿಡೀತೈತಿ. ನಡುವ ಹಿಡದರ ಆ ಜಗ್ಗಾಟ ಎಲ್ಲಾ ಕಡ್ಡಿ ಮ್ಯಾಲೆ ಬೀಳತೈತಿ. ಕಡ್ಡಿ ಒಂದಕ್ಕೊಂದು ಕತ್ತರಿ ಹಾಕಬೇಕು. ಹಿಂಗ ನೆಟ್ಟಗ ನಿಂತ್ರ ಮುರದು ಹೋಕ್ಕಾವ. ಈ ಕಡ್ಡಿ ಗಿಡ್ಡ ಆದವು, ಬ್ಯಾರೆ ತರಸ್ರಿ.”

ನನ್ನ ಮೈ ಉರಿಯಿತು, ಏಕೆಂದರೆ ಅವರು ಹೇಳಿದ್ದು ಸರಿ ಇತ್ತು. ತ್ರಿಜ್ಯ, ಸ್ಪರ್ಶರೇಖೆ ಎಂದು ಬೋರ್ಡಿನ ಮೇಲೆ ಬರೆದು ಮಕ್ಕಳಿಗೆ ಕಲಿಸುವವಳು ನಾನು. ಕೇಂದ್ರದಿಂದ ನೇರ ಹೊರಟ ಗೆರೆಯಿಂದ ಚಕ್ರವನ್ನು ತಿರುಗಿಸಲಾಗದು, ತಡೆಯಲೂ ಆಗದು ಎಂಬುದು ನನಗೆ ಹೊಳೆಯಬೇಕಿತ್ತು. ಒಪ್ಪಿಕೊಳ್ಳುವ ಬದಲು ನಟ್ಟು ಬಿಗಿಯುವ ಅವರ ಪಾನಾ ಸರಿಯಿಲ್ಲ, ಅಂಗಡಿಯಲ್ಲಿ ಬೆಳಕಿಲ್ಲ ಎಂದೆಲ್ಲ ಶುರು ಮಾಡಿದೆ.

“ಕುಣಿಯಾಕ ಬರದಾಕಿ ನೆಲಾ ಡೊಂಕ ಅಂದಳಂತ. ಕಲಸೂದು ಸಾಲ್ಯಾಗ ಇರಲಿ, ಅಕ್ಕೋರ. ಇಲ್ಲಿ ಬರೇ ನೋಡೂದು.”

ಬೇರೆ ಸ್ಪೋಕು ಬರಲು ಎರಡು ವಾರ ಹಿಡಿಯಿತು. ಬಂದ ಮೇಲೆ ಅವರು ಕಟ್ಟಿದ್ದನ್ನು ನೋಡುತ್ತ ನಿಂತೆ. ಒಂದು ಕಡ್ಡಿ ಮೂರು ಕಡ್ಡಿಗಳನ್ನು ದಾಟಿ ರಿಮ್ಮಿಗೆ ಸೇರುತ್ತಿತ್ತು. ಗಾಲಿ ತಿರುಗಿಸಿ, ಬೆರಳಿನಿಂದ ಮೀಟಿ, ಕಾಲು ಸುತ್ತು ಬಿಗಿ ಮಾಡಿ, ಮತ್ತೆ ತಿರುಗಿಸುವರು. ಚೆನ್ನಾಗಿದೆ ಎಂದು ನಾನು ಅನ್ನಲಿಲ್ಲ, ಅನ್ನಲಿ ಎಂದು ಅವರು ಕಾಯಲೂ ಇಲ್ಲ. ಸೈಕಲ್ಲು ಕೈಗೆ ಕೊಟ್ಟಾಗ ಒಂದೇ ಮಾತು ಹೇಳಿದರು.

“ಆ ಡಿಸ್ಕಿಗೆ ಕೈ ಹಚ್ಚಬ್ಯಾಡ್ರಿ. ಕೈಯಾಗಿನ ಜಿಡ್ಡೂ ಆಗೂದಿಲ್ಲ ಅದಕ್ಕ.”

“ಗೊತ್ತೈತ್ರಿ” ಎಂದು ಅರ್ಧಕ್ಕೇ ತಡೆದೆ.

ಆ ಮಳೆಗಾಲವೆಲ್ಲ ಸೈಕಲ್ಲು ಹೂವಿನಂತೆ ಓಡಿತು. ಒಂದೇ ಕೈಯಲ್ಲಿ ಎತ್ತಿಕೊಂಡು ಮಾಳಿಗೆ ಹತ್ತುತ್ತಿದ್ದೆ. ಮೊಣಕಾಲವರೆಗೆ ಕೆಸರಾದ ದಿನವೂ ಎರಡು ಬೆರಳು ಒತ್ತಿದರೆ ಸಾಕು, ಹೇಳಿದಲ್ಲಿ ನಿಲ್ಲುತ್ತಿತ್ತು. ದಿನಾ ಅವರ ಅಂಗಡಿಯ ಮುಂದೆಯೇ ಹಾದು ಹೋಗುತ್ತಿದ್ದೆ. ಒಂದು ದಿನವೂ ಇಳಿದು ಚಲೋ ಆಗೇತ್ರಿ ಎನ್ನಲಿಲ್ಲ.

ದಸರಾ ರಜೆ ಮುಗಿದು ಶಾಲೆ ತೆರೆದ ಮೊದಲ ದಿನ ಬ್ರೇಕು ಊರಲ್ಲೇ ಸ್ವಲ್ಪ ಕಿರುಗುಟ್ಟಿತು. ತಲೆ ಕೆಡಿಸಿಕೊಳ್ಳಲಿಲ್ಲ. ಶಾಲೆಯ ಹತ್ತಿರದ ಇಳಿಜಾರಿನಲ್ಲಿ ರೈತರು ರಸ್ತೆಯ ಅರ್ಧಕ್ಕೆ ಗೋವಿನಜೋಳ ಹರವಿದ್ದರು, ಗಾಡಿ ಹಾಯದಿರಲೆಂದು ಅಂಚಿಗೆ ಕಲ್ಲು ಜೋಡಿಸಿದ್ದರು. ಎದುರಿಗೆ ಟ್ರ್ಯಾಕ್ಟರ್ ಬಂತು. ಎರಡೂ ಬ್ರೇಕು ಒತ್ತಿದೆ. ಒತ್ತಿದ್ದೇ ಬಂತು, ಸೈಕಲ್ಲು ನಿಲ್ಲಲಿಲ್ಲ. ಕಲ್ಲಿಗೆ ಬಡಿದು ಜೋಳದ ಮೇಲೆ ಬಿದ್ದೆ. ಬಲಗೈ ಮುರಿಯಿತು. ನನ್ನ ಒಂಬತ್ತನೇ ತರಗತಿಯ ಮಕ್ಕಳು ನಿಂತು ನೋಡಿದರು. ಕೈಗಿಂತ ಅದೇ ಹೆಚ್ಚು ನೋವಾಯಿತು ಎಂದರೆ ಸುಳ್ಳಲ್ಲ.

ಮುಂದಿನ ಸಂತೆಯ ದಿನ, ಕೈಗೆ ಪ್ಲಾಸ್ಟರ್ ಹಾಕಿಕೊಂಡು, ಪಕ್ಕದ ಮನೆಯವರ ಕೈಯಲ್ಲಿ ಸೈಕಲ್ಲು ತಳ್ಳಿಸಿಕೊಂಡು ಅಂಗಡಿಗೆ ಹೋದೆ. ಜನ ಇರಲಿ ಎಂದೇ ಆ ದಿನ ಆರಿಸಿಕೊಂಡಿದ್ದೆ. ಮಿಸ್ತ್ರಿ ಗಾಲಿಯ ಬಳಿ ಕುಕ್ಕರಗಾಲಲ್ಲಿ ಕೂತು, ಹೆಬ್ಬೆರಳಿನಿಂದ ಡಿಸ್ಕನ್ನು ಸವರಿ, ಬೆರಳನ್ನು ಮೂಗಿಗೆ ಹಿಡಿದರು. ಆಮೇಲೆ ಮೆಲ್ಲಗೆ, ನನಗಷ್ಟೇ ಕೇಳುವಂತೆ ಅಂದರು.

“ಅಕ್ಕೋರ, ಮನ್ಯಾಗ ಪೂಜಿ ಮಾಡಿದ್ರೇನ್ರಿ?”

ನಾನು ಮೆಲ್ಲಗೆ ಮಾತಾಡಲಿಲ್ಲ. “ನಮ್ಮ ಪೂಜಿ ಸುದ್ದಿ ನಿನಗ್ಯಾಕೋ? ಮಾಡಿದ ಕೆಲಸದ ಸುದ್ದಿ ಹೇಳು!” ಬಹುವಚನ ಅಲ್ಲಿಗೆ ಮುಗಿಯಿತು. ಸಂತೆಯ ಜನ ಸುತ್ತ ನೆರೆದರು. ಅವರು ಆ ಮುಖಗಳನ್ನು ಒಂದು ಸುತ್ತು ನೋಡಿದರು, ಮತ್ತೆ ನನ್ನನ್ನು ನೋಡಿದರು, ಬಾಯಿ ಮುಚ್ಚಿದರು. ಸುಮ್ಮನಿದ್ದಾನೆಂದರೆ ಕಳ್ಳ ಎಂದುಕೊಂಡೆ. ನನ್ನ ನಾಲಿಗೆಗೆ ಇನ್ನಷ್ಟು ಬಲ ಬಂತು. “ನಿನ್ನ ಕೈಗುಣಾನ ಸರಿ ಇಲ್ಲ. ಬ್ರೇಕಿಲ್ಲದ ಮಿಸ್ತ್ರಿ!” ಎಂದೆ. ಜನ ನಕ್ಕರು. ಅಷ್ಟು ಹೊತ್ತಿನ ನೋವಿಗೆ ಆ ನಗು ಔಷಧಿಯ ಹಾಗೆ ಹತ್ತಿತು... ಹೌದು, ಖುಷಿಯಾಗಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಎರಡು ದಿನಕ್ಕೆ ಅವರು ಡಿಸ್ಕು ಸ್ವಚ್ಛ ಮಾಡಿ, ಹೊಸ ಪ್ಯಾಡು ಹಾಕಿ, ಸೈಕಲ್ಲನ್ನು ನಮ್ಮ ಮೆಟ್ಟಿಲ ಬುಡಕ್ಕೆ ತಂದು ನಿಲ್ಲಿಸಿ ಹೋದರು. ತಪ್ಪು ಒಪ್ಪಿಕೊಂಡ ಹಾಗಾಯಿತು ಎಂದೆ, ಅವ್ವನಿಗೆ.

ಸವಣೂರಿನಲ್ಲಿ ಅಡ್ಡಹೆಸರು ಬಿತ್ತಿದರೆ ನೀರು ಹಾಕುವುದು ಬೇಡ, ತಾನೇ ಬೆಳೆಯುತ್ತದೆ. ತಿಂಗಳೊಳಗೆ ನನ್ನ ಶಾಲೆಯ ಮಕ್ಕಳೇ ಬ್ರೇಕಿಲ್ಲದ ಮಿಸ್ತ್ರಿ ಎನ್ನತೊಡಗಿದರು. ಡಿಸ್ಕ್ ಸೈಕಲ್ಲಿನ ಹುಡುಗರು ಬೇರೆ ಅಂಗಡಿ ಹಿಡಿದರು. ಆಮೇಲೆ ಬಸ್ಸಿನಲ್ಲಿ ಗಾಲಿ ತರುವವರೂ ಕಡಿಮೆಯಾದರು. ಬ್ರೇಕು ಬಾರದವನಿಗೆ ಗಾಲಿ ಕೊಡುವುದು ಹೇಗೆ ಎಂದಿರಬೇಕು. ಮುಂದಿನ ಮಳೆಗಾಲದ ಹೊತ್ತಿಗೆ ಅಂಗಡಿಯ ಮುಂದೆ ಒಂದು ತಗಡು ತೂಗುತ್ತಿತ್ತು. ಅದರ ಮೇಲೆ ಬಣ್ಣದಲ್ಲಿ ‘ಪಂಚರ್ ಮಾತ್ರ’ ಎಂದು ಬರೆದಿತ್ತು. ಅದನ್ನು ಓದಿಯೂ ಪೆಡಲ್ ತುಳಿದುಕೊಂಡು ಹೋದೆ.

ಮತ್ತೆ ಮಹಾನವಮಿ ಬಂತು. ಅವ್ವ ಈಳಿಗೆ, ಕೊಡಲಿ, ಹೊಲಿಗೆ ಯಂತ್ರಕ್ಕೆಲ್ಲ ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಕೊಬ್ಬರಿ ಎಣ್ಣೆಯಲ್ಲಿ ಅದ್ದಿದ ಅರಿವೆ ಹಿಡಿದು ಸೈಕಲ್ಲಿನ ಮುಂದೆ ಕೂತಳು. ನಾನು ಒಳಗಿಂದ ಬರುವಷ್ಟರಲ್ಲಿ ಅರಿವೆ ಡಿಸ್ಕಿನ ಹತ್ತಿರ ಹೋಗಿತ್ತು.

“ಅವ್ವಾ, ಏನ್ ಮಾಡಾಕತ್ತಿ?”

“ಖಂಡೇ ಪೂಜಿಗೆ ಕಬ್ಬಿಣಕ್ಕ ಎಣ್ಣಿ ಹಚ್ಚಬೇಕಲ್ಲ? ಈ ಗಾಲಿ ನಡುವಿನ ಬಿಲ್ಲಿ ನೋಡು, ಹಚ್ಚಿದರ ಕನ್ನಡಿ ಹಂಗ ಮಿಂಚತಾವ. ಹ್ವಾದ ವರ್ಷನೂ ಹಚ್ಚಿದ್ದೆ, ಎರಡಕ್ಕೂ.”

ಅವ್ವನ ತಪ್ಪಿಲ್ಲ. ಡಿಸ್ಕಿಗೆ ಜಿಡ್ಡು ಆಗದು ಎಂದು ಅವಳಿಗೆ ಹೇಳಬೇಕಾದವಳು ನಾನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಸಂತೆಯ ನಡುವೆ ಆ ಮನುಷ್ಯನಿಗೆ ಬರೆ ಹಾಕಿ ಬಂದಿದ್ದೆ. ಮರುದಿನವೇ ಹೋಗಿ ಹೇಳಬಹುದಿತ್ತು. ಹೋಗಲಿಲ್ಲ. ಎಲೆ ಅಂಗಡಿಯವರ ಮುಂದೆ ನನ್ನನ್ನು ಕುಣಿಸುತ್ತಾರೆ, ಹಪ್ಪಳದ ಮಾತು ಮತ್ತೆ ತೆಗೆಯುತ್ತಾರೆ ಎಂದು ನೆವ ಹುಡುಕಿದೆ. ಇವತ್ತು, ನಾಳೆ, ಪರೀಕ್ಷೆ ಮುಗಿಯಲಿ... ಅಷ್ಟರಲ್ಲಿ ಹಾನಗಲ್ಲಿಗೆ ವರ್ಗವಾಯಿತು. ಬದುಕಿದೆ ಎಂದುಕೊಂಡು ಬಂದೆ.

ಮೊನ್ನೆಯ ವಾಸನೆ ಮಾತ್ರ ಬಿಡಲಿಲ್ಲ. ಮೂಗಿಗೆ ಬಂದ ಸಿಟ್ಟು ಯಾರ ಮೇಲಿನದು ಎಂದು ಈ ವಯಸ್ಸಿಗಾದರೂ ತಿಳಿಯಬೇಕಲ್ಲ. ರವಿವಾರ ಅದೇ ಸೈಕಲ್ಲು ಹತ್ತಿ ಸವಣೂರಿಗೆ ಹೋದೆ. ಅಂಗಡಿ ಇದ್ದ ಜಾಗದಲ್ಲಿ ಮೊಬೈಲ್ ರಿಪೇರಿ ನಡೆದಿತ್ತು. ಪಕ್ಕದ ಎಲೆ ಅಂಗಡಿಯಲ್ಲಿ ಹೊಸಬನೊಬ್ಬ ಕೂತಿದ್ದ. ಇಲ್ಲಿದ್ದ ಸೈಕಲ್ ಮಿಸ್ತ್ರಿಯವರ ಮನೆ ಎಲ್ಲಿ ಎಂದು ಕೇಳಿದೆ.

“ಯಾವ ಮಿಸ್ತ್ರಿ ರೀ? ಈ ಓಣ್ಯಾಗ ನಾಕ ಮಂದಿ ಮಿಸ್ತ್ರಿ ಅದಾರ. ಹೆಸರು ಹೇಳ್ರಿ.”

ಎತ್ತರದವರು ಎಂದೆ. ಗಾಲಿ ಚೆನ್ನಾಗಿ ಕಟ್ಟುತ್ತಿದ್ದರು ಎಂದೆ. ಅವನು ತಲೆ ಅಲ್ಲಾಡಿಸಿದ. ಹೇಳಲು ನನ್ನಲ್ಲಿ ಒಂದೇ ಹೆಸರು ಇತ್ತು. ಹೇಳಿದೆ.

“ಹಂಗ ಹೇಳ್ರಲಾ ಮತ್ತ!” ಎಂದು ಕೈ ಮಾಡಿ ತೋರಿಸಿದ.

ಬಾಗಿಲು ತೆರೆದವಳು ಅವರ ಮಗಳು. ತಂದೆಯನ್ನು ಅವಳು ಅಬ್ಬಾ ಎನ್ನುತ್ತಿದ್ದಳು. ಅಬ್ಬಾ ತೀರಿಕೊಂಡು ಒಂದು ವರ್ಷದ ಮೇಲಾಯಿತು ಎಂದಳು. ನಾನು ಹೊಸ್ತಿಲ ಹೊರಗೆ ನಿಂತೇ ಎಲ್ಲ ಹೇಳಿದೆ. ಅವ್ವ, ಪೂಜೆ, ಎಣ್ಣೆ... ಅವಳ ಮುಖ ಬಿಗಿಯಿತು.

“ಆ ಅಕ್ಕೋರು ನೀವೇನ್ರಿ? ಎಣ್ಣಿ ಅಂತ ಅಬ್ಬಾಗ ಅವತ್ತ ಗೊತ್ತಿತ್ತು. ಮೂಸಿದ ಕೂಡಲೇ ಗೊತ್ತಾತಂತ, ಕೊಬ್ಬರಿ ಎಣ್ಣಿ.”

“ಮತ್ತ ಮಂದಿ ಮುಂದ ಯಾಕ ಹೇಳಲಿಲ್ಲವ್ವಾ?”

“ಸಂತ್ಯಾಗ ಅಷ್ಟು ಮಂದಿ ನಡುವ ನಿಂತು, ನಿಮ್ಮ ಪೂಜಿಯಿಂದ ಬ್ರೇಕ್ ಕೆಟ್ಟೈತಿ ಅಂತ ನಾವು ಹೇಳಾಕ ಬರತೈತೇನ್ರಿ, ಅಕ್ಕೋರ?”

‘ನಮ್ಮ ಪೂಜಿ ಸುದ್ದಿ ನಿನಗ್ಯಾಕೋ’ ಎಂದು ಕೂಗಿ ಅವರ ಬಾಯಿ ಮುಚ್ಚಿಸಿದವಳು ನಾನೇ. ಕೂಡ್ರಿ ಎಂದು ಆಕೆ ಅನ್ನಲಿಲ್ಲ, ಚಹಾ ಕುಡೀತೀರೇನು ಎಂದು ಕೇಳಲಿಲ್ಲ. ಈ ಊರಲ್ಲಿ ಬೈಯಲು ಅದಕ್ಕಿಂತ ಹೆಚ್ಚಿನದು ಬೇಕಿಲ್ಲ. ಕೊನೆಗೆ ಅಬ್ಬಾ ಅವರ ಹೆಸರೇನು ಎಂದು ಕೇಳಿದೆ.

“ಈಗ ಯಾಕ್ರಿ?” ಎಂದು ಬಾಗಿಲು ಹಾಕಿಕೊಂಡಳು.

ತಿರುಗಿ ಬರುವಾಗ ಎಲೆ ಅಂಗಡಿಯಲ್ಲಿ ನಾಲ್ಕೈದು ಮಂದಿ ಇದ್ದರು. ಬೈದದ್ದು ಬೀದಿಯಲ್ಲಿ, ತಪ್ಪು ಒಪ್ಪುವುದೂ ಬೀದಿಯಲ್ಲೇ ಆಗಲಿ ಎಂದು ಸೈಕಲ್ಲಿನಿಂದ ಇಳಿದೆ. ಮನೆ ಸಿಕ್ಕಿತೇನ್ರಿ ಎಂದು ಅಂಗಡಿಯವನು ಕೇಳಿದ. ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದೆ. ಆ ಮಿಸ್ತ್ರಿಯವರ ಕೆಲಸದಲ್ಲಿ ಏನೂ ದೋಷ ಇರಲಿಲ್ಲ, ಎಣ್ಣೆ ಬಿದ್ದದ್ದು ನಮ್ಮ ಮನೆಯಲ್ಲಿ, ಸುಳ್ಳು ಹೆಸರು ಇಟ್ಟವಳು ನಾನು, ಇನ್ನು ಯಾರೂ ಅವರನ್ನು ಹಾಗೆ ಕರೆಯಬೇಡಿ ಎಂದೆ.

ಅಂಗಡಿಯವನು ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡ. ಪಾಪ ಅನ್ನಿಸಿತೆಂದು ಕಾಣುತ್ತದೆ, ಲೊಚಗುಟ್ಟಿದ. ಆಮೇಲೆ, ಆಗಷ್ಟೇ ಬಂದ ಗಿರಾಕಿಯ ಕಡೆ ತಿರುಗಿದ.

“ಕೇಳಿದೇನಪಾ? ಆ ಬ್ರೇಕಿಲ್ಲದ ಮಿಸ್ತ್ರಿ ಇದ್ದನಲ್ಲ, ಅವನ ಬ್ರೇಕ್ ಚಲೋನ ಇದ್ದವಂತ.”